ಕೊಲೋಸಿಯಂ ನೋಡಿ, ಊಟಕ್ಕೆ ಮಾತ್ರ ಹತ್ತು ನಿಮಿಷ ಆಚೆ ನಡೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಈಚೆಗೆ ಬಂದ ರೋಮ್ ಲೇಖನ ಓದಿದೆ. ಕೊಲೋಸಿಯಂ, ವ್ಯಾಟಿಕನ್, ಟ್ರೆವಿ ಕಾರಂಜಿ ಎಲ್ಲದರ ಬಗ್ಗೆ ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಕೊನೆಯಲ್ಲಿ ಒಂದು ಮಾತು ಬಂದಿದೆ. ರೋಮ್‌ನಲ್ಲಿ ಊಟ ದುಬಾರಿ, ರುಚಿ ಅಷ್ಟಕ್ಕಷ್ಟೇ, ಸಸ್ಯಾಹಾರಿಗಳು ಮನೆಯಿಂದಲೇ ತಿಂಡಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು ಅಂತ. ಈ ಪತ್ರ ಬರೆಯುತ್ತಿರುವುದು ಆ ಮಾತಿಗಾಗಿ. ನಾನು ಕೆಲಸದ ಮೇಲೆ ಬಂದು ಇಲ್ಲೇ ರೋಮ್‌ನಲ್ಲಿ ನೆಲೆಸಿದವನು. ಊರಿನಿಂದ ಬರುವ ನೆಂಟರು, ಗೆಳೆಯರು, ಗೆಳೆಯರ ಪರಿಚಯದವರು ಎಲ್ಲರೂ ಫೋನ್ ಮಾಡಿ ಮೊದಲು ಕೇಳುವುದೇ ಊಟ ಎಲ್ಲಿ ಮಾಡೋದು ಅಂತ. ಅವರಿಗೆಲ್ಲ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳೋಣ ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಜಾಗ ಕೊಡಿ.

ನಿಮ್ಮ ಲೇಖಕರಿಗೆ ಊಟ ರುಚಿಸಲಿಲ್ಲ ಅನ್ನುವುದನ್ನು ನಾನು ನಂಬುತ್ತೇನೆ. ಎಲ್ಲಿ ಕೂತು ತಿಂದಿರಬಹುದು ಅಂತಲೂ ಊಹಿಸಬಲ್ಲೆ. ಕೊಲೋಸಿಯಂ ನೋಡಿ ಹೊರಗೆ ಬರುವಾಗ ಹೊಟ್ಟೆ ಹಸಿದಿರುತ್ತದೆ, ಕಾಲು ನೋಯುತ್ತಿರುತ್ತದೆ, ಬಿಸಿಲು ಬೇರೆ. ಎದುರಿಗೇ ಛತ್ರಿ ಹಾಕಿದ ಮೇಜುಗಳು. ಒಬ್ಬ ಬಾಗಿಲಲ್ಲಿ ನಿಂತು "ಇಂಡಿಯಾ? ನಮಸ್ತೆ! ವೆಜಿಟೇರಿಯನ್ ಇದೆ ಬನ್ನಿ" ಎಂದು ಕರೆಯುತ್ತಾನೆ. ಮೆನುವಿನಲ್ಲಿ ಪ್ರತಿಯೊಂದಕ್ಕೂ ಬಣ್ಣದ ಫೋಟೋ, ಆರೇಳು ಭಾಷೆ, ಎಂಬತ್ತು ತೊಂಬತ್ತು ಬಗೆ ತಿನಿಸು. ಯಾರಾದರೂ ಕೂತುಬಿಡುತ್ತಾರೆ.

ಆದರೆ ಒಂದು ನಿಮಿಷ ಯೋಚಿಸಿ. ಕೊಲೋಸಿಯಂ ಮತ್ತು ಅದಕ್ಕೆ ಸೇರಿದ ಫೋರಂ, ಅಂದರೆ ಹಳೆಯ ರೋಮ್‌ನ ಪಾಳುಬಿದ್ದ ಚೌಕದ ಜಾಗಗಳನ್ನು ನೋಡೋಕೆ ಈಗ ವರ್ಷಕ್ಕೆ ಒಂದು ಕೋಟಿಗೂ ಜಾಸ್ತಿ ಜನ ಬರುತ್ತಾರೆ. ಇವತ್ತು ಊಟ ಮಾಡಿದವರು ನಾಳೆ ಫ್ಲಾರೆನ್ಸ್‌ನಲ್ಲೋ ವೆನಿಸ್‌ನಲ್ಲೋ ಇರುತ್ತಾರೆ, ಮತ್ತೆ ಬರುವುದಿಲ್ಲ. ಜಾತ್ರೆಯಲ್ಲಿ ಅಂಗಡಿ ಹಾಕಿದವನಿಗೆ ನಾಳೆಯ ಗಿರಾಕಿಯ ಚಿಂತೆ ಇರುವುದಿಲ್ಲವಲ್ಲ, ಹಾಗೆ. ಬಾಡಿಗೆ ವಿಪರೀತ, ಅದನ್ನು ಗಳಿಸಬೇಕು. ಅಡುಗೆ ಹೇಗಿದ್ದರೂ ಮೇಜು ತುಂಬುತ್ತದೆ. ಎಂಬತ್ತು ಬಗೆ ತಿನಿಸನ್ನು ಒಂದು ಸಣ್ಣ ಅಡುಗೆಮನೆ ದಿನಾ ಹೊಸದಾಗಿ ಮಾಡುವುದು ಆಗದ ಮಾತು, ಜಾಸ್ತಿಯೆಲ್ಲ ಫ್ರೀಜರ್‌ನಿಂದ ಬರುತ್ತದೆ. ಹೀಗೆ ಬಂದದ್ದನ್ನು ತಿಂದು ಇಟಲಿಯ ಊಟವೇ ಇಷ್ಟು ಅಂದುಕೊಂಡು ವಾಪಸ್ ಹೋಗುತ್ತಾರೆ. ಬೇಜಾರಾಗುವುದು ನನಗೆ ಅಲ್ಲೇ. ಇಷ್ಟು ದುಡ್ಡು ಖರ್ಚು ಮಾಡಿ, ವೀಸಾಗೆ ಓಡಾಡಿ, ರಜೆ ಕೂಡಿಸಿಕೊಂಡು ಬಂದವರು ಐದಾರು ನೂರು ಮೀಟರ್ ದೂರದಲ್ಲಿದ್ದ ಒಳ್ಳೆಯ ಊಟವನ್ನು ತಪ್ಪಿಸಿಕೊಂಡು ಹೋಗುತ್ತಾರೆ.

ಬೆಲೆಯ ವಿಷಯದಲ್ಲಿ ಹುಷಾರಾಗಿರಲೇಬೇಕು. 2019ರಲ್ಲಿ ಇಬ್ಬರು ಜಪಾನಿ ಹುಡುಗಿಯರಿಗೆ ಇದೇ ರೋಮ್‌ನಲ್ಲಿ, ಕಾಸ್ತೆಲ್ ಸಾಂತಾಂಜೆಲೊ ಕೋಟೆಯ ಹತ್ತಿರ, ಎರಡು ತಟ್ಟೆ ಮೀನಿನ ಸ್ಪಗೆಟ್ಟಿ ಮತ್ತು ನೀರಿಗೆ 429.80 ಯೂರೋ ಬಿಲ್ ಹಾಕಿದ್ದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಅದರಲ್ಲಿ 80 ಯೂರೋ ಬರೀ ಟಿಪ್ಸ್! ಇಟಲಿಯಲ್ಲಿ ಟಿಪ್ಸ್ ಕೊಡಲೇಬೇಕು ಅನ್ನುವ ಪದ್ಧತಿಯೇ ಇಲ್ಲ. ಅದರ ಹಿಂದಿನ ವರ್ಷ ವೆನಿಸ್‌ನಲ್ಲಿ ನಾಲ್ಕು ಜನ ಜಪಾನಿ ವಿದ್ಯಾರ್ಥಿಗಳಿಗೆ ಒಂದು ಊಟಕ್ಕೆ 1,100 ಯೂರೋಗೂ ಮೇಲೆ ಬಿಲ್ ಬಂದಿತ್ತು. ಇಂಥದ್ದು ದಿನಾ ನಡೆಯುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ ಸಣ್ಣ ಪ್ರಮಾಣದಲ್ಲಿ ಸುಮಾರು ಕಡೆ ನಡೆಯುತ್ತದೆ.

ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ತಪ್ಪಿಸಿಕೊಳ್ಳುವುದು ಸುಲಭ. ಮೀನಿನ ಬೆಲೆಯನ್ನೇ ನೋಡಿ. ಮೆನುವಿನಲ್ಲಿ 8 ಯೂರೋ ಅಂತ ಇರುತ್ತದೆ, ಪಕ್ಕದಲ್ಲಿ ಚಿಕ್ಕದಾಗಿ "ಎತ್ತೊ" ಅಂತ ಬರೆದಿರುತ್ತದೆ. ಎತ್ತೊ ಅಂದರೆ ನೂರು ಗ್ರಾಂ. ಎಂಟುನೂರು ಗ್ರಾಂ ಮೀನು ತಂದಿಟ್ಟರೆ 64 ಯೂರೋ ಆಯಿತು. ಮೀನು ಬೇಕಾದರೆ ಮೊದಲೇ ತೂಕ ಹಾಕಿಸಿ, ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ ಆಮೇಲೆ ಹೂಂ ಅನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ, ಇಲ್ಲಿಯವರೂ ಹಾಗೇ ಕೇಳುತ್ತಾರೆ. ಇನ್ನೊಂದು, ಕೂತ ಕೂಡಲೇ ಬ್ರೆಡ್ ಬುಟ್ಟಿ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ. ಇಟಲಿಯ ಬೇರೆ ಕಡೆಗಳಲ್ಲಿ ಮೇಜಿಗೆ ಬಂದು ಕೂತಿದ್ದಕ್ಕೇ "ಕೊಪೆರ್ತೊ" ಅಂತ ಒಬ್ಬೊಬ್ಬರಿಗೆ ಇಷ್ಟು ಎಂದು ಹಾಕುತ್ತಾರೆ. ರೋಮ್ ಇರುವ ಲಾಜಿಯೊ ಪ್ರಾಂತ್ಯದಲ್ಲಿ ಕಾನೂನಿನ ಪ್ರಕಾರ ಅದನ್ನು ಹಾಕುವಂತಿಲ್ಲ. ಬ್ರೆಡ್ಡಿಗೆ ಹಾಕಬಹುದು, ಆದರೆ ಬ್ರೆಡ್ ಬೇಡ ಅಂತ ವಾಪಸ್ ಕಳಿಸುವುದು ನಿಮ್ಮ ಹಕ್ಕು. ಸರ್ವಿಸ್ ಚಾರ್ಜ್ ಇದ್ದರೆ ಮೆನುವಿನಲ್ಲಿ ಬರೆದಿರಬೇಕು. ಕೂರುವ ಮುಂಚೆ ಬಾಗಿಲಲ್ಲಿ ಹಾಕಿರುವ ಮೆನುವಿನ ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಓದಿ. ತಿನಿಸಿನ ಹೆಸರಿನ ಪಕ್ಕ ನಕ್ಷತ್ರದ ಗುರುತು ಇದ್ದರೆ ಅದು ಫ್ರೀಜರ್ ಮಾಲು ಅಂತ ಅರ್ಥ. ನಕ್ಷತ್ರಗಳು ಮೆನು ತುಂಬ ಇದ್ದರೆ ಎದ್ದು ಹೋಗಿ.

ನಮ್ಮ ಕಡೆಯವರೊಬ್ಬರ ಕುಟುಂಬಕ್ಕೆ ಟ್ರೆವಿ ಕಾರಂಜಿಯ ಹತ್ತಿರ ಹೀಗೇ ಆಯಿತು. ಮೆನು ಕೊಡದೆ ಬಾಯಲ್ಲೇ ಹೇಳಿದರಂತೆ, "ಎಲ್ಲರಿಗೂ ಸ್ವಲ್ಪ ಸ್ವಲ್ಪ ತರ್ತೀವಿ" ಅಂದರಂತೆ. ಬಿಲ್ ನೋಡಿ ಆ ಹಿರಿಯರು ಆಮೇಲೆ ಇಡೀ ಪ್ರವಾಸದಲ್ಲಿ ಎಲ್ಲೂ ನೆಮ್ಮದಿಯಾಗಿ ಕೂತು ತಿನ್ನಲೇ ಇಲ್ಲ, ಬಿಸ್ಕೆಟ್, ಬಾಳೆಹಣ್ಣಿನಲ್ಲೇ ದಿನ ಕಳೆದರು. ಮೆನು ಕೈಗೆ ಬರುವ ತನಕ ಏನನ್ನೂ ಆರ್ಡರ್ ಮಾಡಬೇಡಿ. ಊಟ ಆದ ಮೇಲೆ ಮುದ್ರಿತ ರಸೀದಿ ಕೊಡುವುದು ಕಡ್ಡಾಯ. ಕಾರ್ಡ್ ತೆಗೆದುಕೊಳ್ಳುವುದಿಲ್ಲ ಅಂದರೆ 2022ರಿಂದ ದಂಡವೂ ಇದೆ. "ಮೆಷಿನ್ ಕೆಟ್ಟಿದೆ, ಕ್ಯಾಶ್ ಕೊಡಿ" ಅಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ.

ಸರಿ, ಹಾಗಾದರೆ ಎಲ್ಲಿ ತಿನ್ನೋದು?

ಕೊಲೋಸಿಯಂನಿಂದಲೇ ಶುರು ಮಾಡೋಣ. ಅದರ ಮೆಟ್ರೋ ನಿಲ್ದಾಣದ ಮೇಲ್ಭಾಗಕ್ಕೆ ಮೆಟ್ಟಿಲು ಹತ್ತಿ, ವಿಯಾ ಕಾವೂರ್ ಎಂಬ ದೊಡ್ಡ ರಸ್ತೆ ದಾಟಿದರೆ ಮೊಂತಿ ಬಡಾವಣೆ. ಹತ್ತು ನಿಮಿಷದ ನಡಿಗೆ, ನಿಧಾನವಾಗಿ ನಡೆಯುವ ಅಜ್ಜ ಅಜ್ಜಿಯರಿಗೆ ಹದಿನೈದು ಇರಬಹುದು. ವಿಯಾ ದೇಯಿ ಸೆರ್ಪೆಂತಿ ಎನ್ನುವ ಬೀದಿಯಲ್ಲಿ ಹೋಗಿ ತಿರುಗಿ ನೋಡಿದರೆ ಬೀದಿಯ ತುದಿಯಲ್ಲಿ ಕೊಲೋಸಿಯಂ ಕಾಣುತ್ತಲೇ ಇರುತ್ತದೆ, ಅಷ್ಟು ಹತ್ತಿರ. ಇಲ್ಲಿ ಜನ ವಾಸ ಮಾಡುತ್ತಾರೆ, ಮನೆಗಳ ಕಿಟಕಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಸಂಜೆ ಮದೋನ್ನಾ ದೇಯಿ ಮೊಂತಿ ಚೌಕದ ಕಾರಂಜಿಯ ಕಟ್ಟೆಯ ಮೇಲೆ ಹುಡುಗರು ಕೂತು ಹರಟೆ ಹೊಡೆಯುತ್ತಾರೆ. ಈಗೀಗ ಇಲ್ಲಿಗೂ ಪ್ರವಾಸಿಗರು ಸಾಕಷ್ಟು ಬರುತ್ತಾರೆ, ಎಲ್ಲ ಹೋಟೆಲ್ಲೂ ಒಳ್ಳೆಯದು ಅಂತ ನಾನು ಹೇಳಲ್ಲ. ಆದರೂ ಮುಖ್ಯ ಬೀದಿ ಬಿಟ್ಟು ಪಕ್ಕದ ಓಣಿಗೆ ಇಳಿದರೆ ಒಂದೇ ಹಾಳೆಯ ಮೆನು, ಅದೂ ಕೈಬರಹದಲ್ಲಿ, ಹತ್ತೋ ಹನ್ನೆರಡೋ ಬಗೆ ಮಾತ್ರ ಮಾಡುವ ಸಣ್ಣ ತ್ರಾತೊರಿಯಾಗಳು ಸಿಗುತ್ತವೆ. ಮನೆಯವರೇ ನಡೆಸುವ ಊಟದ ಹೋಟೆಲುಗಳಿಗೆ ಇಲ್ಲಿ ತ್ರಾತೊರಿಯಾ ಅಂತಾರೆ. ಒಂದು ತಟ್ಟೆ ಪಾಸ್ತಾಗೆ ಸಾಮಾನ್ಯವಾಗಿ 12ರಿಂದ 15 ಯೂರೋ.

ಕೊಲೋಸಿಯಂನ ಇನ್ನೊಂದು ಮಗ್ಗುಲಿಗೆ ಚೆಲಿಯೊ ಗುಡ್ಡದ ಕಡೆ ಹೋದರೆ ವಿಯಾ ದೇಯಿ ಸಾಂತಿ ಕ್ವಾತ್ರೊ ಬೀದಿ. ಅಲ್ಲಿ ಲಿ ರಿಯೋನಿ ಎಂಬ ಪಿಜ್ಜಾ ಹೋಟೆಲ್ ಇದೆ, ಕಟ್ಟಿಗೆ ಒಲೆಯ ತೆಳ್ಳಗಿನ ರೋಮನ್ ಪಿಜ್ಜಾ. ಸಂಜೆ ಮಾತ್ರ ತೆಗೆಯುತ್ತದೆ. ಅದಕ್ಕೆ ಕಾರಣ ಇದೆ. ತಟ್ಟೆಯ ಮೇಲೆ ಇಡಿಯಾಗಿ ಬರುವ ಪಿಜ್ಜಾವನ್ನು ಇಲ್ಲಿಯ ಜನ ರಾತ್ರಿಯೇ ತಿನ್ನುವುದು. ಮಧ್ಯಾಹ್ನ ಬೇಕಾದರೆ ತೂಕಕ್ಕೆ ಕೊಯ್ದು ಕೊಡುವ ತುಂಡು ಪಿಜ್ಜಾ ಇದೆ, ಪಿಜ್ಜಾ ಅಲ್ ತಾಲ್ಯೊ ಅಂತ. ಕೈಯಲ್ಲಿ ಎಷ್ಟು ಅಗಲ ಅಂತ ತೋರಿಸಿದರೆ ಕತ್ತರಿಸಿ, ತೂಗಿ, ಬಿಸಿ ಮಾಡಿ ಕೊಡುತ್ತಾರೆ. ಬೋರ್ಡಿನ ಮೇಲಿನ ಬೆಲೆ ಕಿಲೋಗೆ ಅಥವಾ ನೂರು ಗ್ರಾಂಗೆ ಇರುತ್ತದೆ, ಅದೊಂದು ನೆನಪಿರಲಿ. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಇದಕ್ಕಿಂತ ಸುಲಭದ ಊಟ ಇಲ್ಲ.

ಹೋಟೆಲ್ಲೇ ಬೇಡ ಅಂದರೆ ಓಣಿಯ ದಿನಸಿ ಅಂಗಡಿಯಲ್ಲಿ ಬ್ರೆಡ್ಡಿನ ನಡುವೆ ಚೀಸ್, ಟೊಮೆಟೊ ಇಟ್ಟು ಕೊಡಿ ಅಂತ ಕೇಳಿ, ಕೊಲೋಸಿಯಂ ಎದುರಿನ ಕೊಲ್ಲೆ ಓಪ್ಪಿಯೊ ಪಾರ್ಕಿನ ಬೆಂಚಿನ ಮೇಲೆ ಕೂತು ತಿನ್ನಿ. ನೀರಿಗೆ ದುಡ್ಡು ಹಾಕಬೇಡಿ. ಊರಲ್ಲೆಲ್ಲ ಸುಮಾರು 2,500 ಬೀದಿ ನಲ್ಲಿಗಳಿವೆ, ನಾಸೊನಿ ಅಂತಾರೆ, ಹಗಲು ರಾತ್ರಿ ತಣ್ಣಗಿನ ಕುಡಿಯುವ ನೀರು ಹರಿಯುತ್ತಲೇ ಇರುತ್ತದೆ. ಬಾಟಲಿ ಹಿಡಿದು ತುಂಬಿಕೊಂಡರಾಯಿತು. ಆದರೆ ಸ್ಮಾರಕಗಳ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಬೇಡಿ. ಸ್ಪ್ಯಾನಿಷ್ ಸ್ಟೆಪ್ಸ್ ಎಂಬ ಹೆಸರಾಂತ ಮೆಟ್ಟಿಲುಗಳ ಮೇಲಂತೂ 2019ರಿಂದ ಸುಮ್ಮನೆ ಕೂರುವಂತೆಯೂ ಇಲ್ಲ, 250 ಯೂರೋ ದಂಡ.

ಸ್ವಲ್ಪ ದೂರವಾದರೂ ಪರವಾಗಿಲ್ಲ ಅನ್ನುವವರು ಕೊಲೋಸಿಯಂನಿಂದ ಮೆಟ್ರೋ ಹತ್ತಿ ಎರಡನೇ ನಿಲ್ದಾಣ ಪಿರಾಮಿದೆಯಲ್ಲಿ ಇಳಿಯಿರಿ. ಟಿಕೆಟ್ 1.50 ಯೂರೋ. ಅಲ್ಲಿಂದ ನಡೆದರೆ ತೆಸ್ತಾಚೊ. ಇಡೀ ರೋಮ್‌ನಲ್ಲಿ ಊಟಕ್ಕೆ ನನಗೆ ಹೆಚ್ಚು ಇಷ್ಟವಾದ ಜಾಗ ಇದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿ ಊರಿನ ದೊಡ್ಡ ಕಸಾಯಿಖಾನೆ ಕಟ್ಟಿದರು, 1975ರ ತನಕ ಅದು ನಡೆಯಿತು. ಒಳ್ಳೆಯ ಮಾಂಸವೆಲ್ಲ ಸಾಹುಕಾರರ ಮನೆಗೆ ಹೋಗುತ್ತಿತ್ತು. ಬಾಲ, ಕರುಳು, ಹೊಟ್ಟೆಯ ಭಾಗ ಕೆಲಸಗಾರರ ಪಾಲಿಗೆ ಉಳಿಯುತ್ತಿತ್ತು. ಅದರಿಂದಲೇ ಅವರ ಮನೆಗಳಲ್ಲಿ, ಪಕ್ಕದ ಸಣ್ಣ ಹೋಟೆಲುಗಳಲ್ಲಿ ಹುಟ್ಟಿದ ಅಡುಗೆ ಇವತ್ತು ರೋಮ್‌ನ ಹೆಮ್ಮೆಯ ಅಡುಗೆ. ಕಸಾಯಿಖಾನೆಯ ಎದುರೇ ಇರುವ ಕೆಕ್ಕಿನೊ ಹೋಟೆಲ್ 1887ರದ್ದು, ದನದ ಬಾಲದ ಸಾರಿಗೆ ಹೆಸರುವಾಸಿ. ತಿನ್ನುವವರಿಗೆ ಹೇಳಿದೆ ಅಷ್ಟೇ. ತಿನ್ನದವರೂ ತೆಸ್ತಾಚೊಗೆ ಬರಬೇಕು, ಯಾಕೆಂದರೆ 1936ರಿಂದ ಇರುವ ಫೆಲಿಚೆ ಹೋಟೆಲಿನಲ್ಲಿ ಕಾಚೊ ಎ ಪೆಪೆ ಪಾಸ್ತಾವನ್ನು ನಿಮ್ಮ ಮೇಜಿನ ಹತ್ತಿರ ತಂದು, ನಿಮ್ಮೆದುರೇ ಚೀಸ್ ಮತ್ತು ಕರಿಮೆಣಸು ಕಲಸಿ ಕೊಡುತ್ತಾರೆ. ಸೀಟು ಮೊದಲೇ ಕಾದಿರಿಸಬೇಕು. ಹಗಲು ಹೊತ್ತಾದರೆ ತೆಸ್ತಾಚೊ ಮಾರ್ಕೆಟ್ಟಿಗೆ ಹೋಗಿ, ಭಾನುವಾರ ಬಿಟ್ಟು. ತರಕಾರಿ ಅಂಗಡಿಗಳ ನಡುವೆಯೇ ತಿಂಡಿ ಮಳಿಗೆಗಳಿವೆ, ಮಾರ್ಕೆಟ್ಟಿಗೆ ಬಂದ ಹೆಂಗಸರ ಪಕ್ಕ ನಿಂತು ತಿನ್ನಬಹುದು. ಹತ್ತಿರದಲ್ಲೇ ಒಂದು ಗುಡ್ಡ ಇದೆ, ರೋಮನ್ನರ ಕಾಲದಲ್ಲಿ ಆಲಿವ್ ಎಣ್ಣೆ ತಂದ ಮಣ್ಣಿನ ಜಾಡಿಗಳನ್ನು ಒಡೆದು ಒಡೆದು ರಾಶಿ ಹಾಕಿ ಆದ ಗುಡ್ಡ! ಊಟ ಮಾಡಿ ಅದನ್ನೂ ನೋಡಿ ಬನ್ನಿ.

ವ್ಯಾಟಿಕನ್ ನೋಡಲು ಹೋದ ದಿನ ಸೇಂಟ್ ಪೀಟರ್ಸ್ ಚರ್ಚಿನ ಎದುರಿನ ಬೀದಿಗಳನ್ನು ಬಿಟ್ಟುಬಿಡಿ. ಮ್ಯೂಸಿಯಂನಿಂದ ಹೊರಗೆ ಬಂದು ಚಿಪ್ರೊ ಮೆಟ್ರೋ ನಿಲ್ದಾಣದ ಕಡೆ ನಡೆದರೆ ವಿಯಾ ದೆಲ್ಲಾ ಮೆಲೊರಿಯಾದಲ್ಲಿ ಪಿಜ್ಜಾರಿಯುಂ ಇದೆ. ಗೇಬ್ರಿಯೆಲೆ ಬೊಂಚಿ ಎಂಬ ಬಾಣಸಿಗ 2003ರಲ್ಲಿ ಶುರು ಮಾಡಿದ ತುಂಡು ಪಿಜ್ಜಾದ ಅಂಗಡಿ. ಕೂರಲು ಜಾಗ ಇಲ್ಲ, ಬೆಲೆಯೂ ಕಡಿಮೆ ಅಲ್ಲ, ಸರದಿಯೂ ಇರುತ್ತದೆ. ಆದರೆ ಆಲೂಗೆಡ್ಡೆ ಪಿಜ್ಜಾ ತಿಂದ ನಮ್ಮ ಕಡೆಯ ಹಿರಿಯರೆಲ್ಲ ಇನ್ನೊಂದು ತುಂಡು ಕೇಳಿದ್ದಾರೆ. ಕೂತು ತಿನ್ನಬೇಕು ಅಂದರೆ ಪ್ರಾತಿ ಬಡಾವಣೆಯ ಒಳಬೀದಿಗಳು. ಅಲ್ಲಿ ಆಫೀಸು, ಕೋರ್ಟು ಜಾಸ್ತಿ, ಮಧ್ಯಾಹ್ನ ವಕೀಲರು, ಗುಮಾಸ್ತರು ಊಟಕ್ಕೆ ಹೋಗುವ ಹೋಟೆಲುಗಳಿರುತ್ತವೆ, ಅವರ ಹಿಂದೆ ಹೋಗಿ. ಟ್ರೆವಿ ಕಾರಂಜಿಯ ಹತ್ತಿರ ಎಲ್ಲೂ ಕೂರಬೇಡಿ, ನಾಣ್ಯ ಹಾಕಿ ಮುಂದೆ ನಡೆಯಿರಿ. ನವೋನಾ ಚೌಕದಲ್ಲೂ ಅಷ್ಟೇ.

ಸ್ಮಾರಕದ ಪಕ್ಕದ ಹೋಟೆಲ್ಲೆಲ್ಲ ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡಿ. ಪ್ಯಾಂಥಿಯನ್ ಎಂಬ ರೋಮನ್ನರ ಕಾಲದ ಗುಡಿಯ ಪಕ್ಕದ ಓಣಿಯಲ್ಲೇ, ಕೆಲವೇ ಹೆಜ್ಜೆ ದೂರದಲ್ಲಿ, ಅರ್ಮಾಂದೊ ಅಲ್ ಪ್ಯಾಂಥಿಯನ್ ಹೋಟೆಲ್ ಇದೆ. 1961ರಿಂದ ಒಂದೇ ಮನೆಯವರು ನಡೆಸುತ್ತಿದ್ದಾರೆ. ಹೊರಗೆ ಯಾರೂ ನಿಂತು ಕರೆಯುವುದಿಲ್ಲ. ಸಣ್ಣ ಜಾಗ, ಸೀಟಿಗೆ ಬಹಳ ದಿನ ಮೊದಲೇ ಹೇಳಿರಬೇಕು. ಊರಿನವರು ಇವತ್ತಿಗೂ ಅಲ್ಲಿಗೆ ಹೋಗುತ್ತಾರೆ. ಅದಕ್ಕೇ ಅಡುಗೆ ಕೆಟ್ಟಿಲ್ಲ.

ಇನ್ನು ಸಸ್ಯಾಹಾರಿಗಳ ವಿಷಯ. ನಿಮ್ಮ ಲೇಖನದ ಮೇಲೆ ನನಗೆ ಇರುವ ದೊಡ್ಡ ತಕರಾರು ಇದೇ. ಮನೆಯಿಂದ ತಿಂಡಿ ತರುವುದು ತಪ್ಪಲ್ಲ, ಆದರೆ ಬೇರೆ ದಾರಿಯೇ ಇಲ್ಲ ಅನ್ನುವುದು ಸರಿಯಲ್ಲ. ಇಟಲಿಯ ಅಡುಗೆಯಲ್ಲಿ ತರಕಾರಿ, ಬೇಳೆಕಾಳು, ಗೋಧಿ, ಎಣ್ಣೆ ಎಷ್ಟು ಬಳಸುತ್ತಾರೆ ಅಂದರೆ ಗೊತ್ತಿದ್ದವರು ಒಂದು ವಾರ ಆರಾಮಾಗಿ ತಿಂದು ಹೋಗಬಹುದು. ಗೊತ್ತಿರಬೇಕು ಅಷ್ಟೇ, ಯಾಕೆಂದರೆ ಕಾಣದ ಕಡೆ ಮಾಂಸ, ಮೀನು ಸೇರಿಕೊಂಡಿರುತ್ತದೆ.

ರೋಮ್‌ನ ನಾಲ್ಕು ಪಾಸ್ತಾಗಳು ಎಲ್ಲ ಹೋಟೆಲಲ್ಲೂ ಇರುತ್ತವೆ. ಕಾಚೊ ಎ ಪೆಪೆ, ಗ್ರೀಚಾ, ಕಾರ್ಬೊನಾರಾ, ಅಮಾತ್ರಿಚಾನಾ. ಇವುಗಳಲ್ಲಿ ಮೂರಕ್ಕೆ ಗ್ವಾಂಚಾಲೆ ಹಾಕುತ್ತಾರೆ, ಅದು ಉಪ್ಪು ಹಾಕಿ ಒಣಗಿಸಿದ ಹಂದಿಯ ಕೆನ್ನೆಯ ಮಾಂಸ. ಅಮಾತ್ರಿಚಾನಾ ನೋಡಲು ಬರೀ ಟೊಮೆಟೊ ಸಾಸ್ ಥರ ಕೆಂಪಗಿರುತ್ತದೆ, ಮೋಸ ಹೋಗಬೇಡಿ. ಕಾಚೊ ಎ ಪೆಪೆ ಒಂದಕ್ಕೆ ಮಾತ್ರ ಮಾಂಸ ಇಲ್ಲ, ಪೆಕೊರಿನೊ ಎಂಬ ಕುರಿ ಹಾಲಿನ ಚೀಸ್, ಕರಿಮೆಣಸು ಅಷ್ಟೇ. ಮೊಟ್ಟೆ ತಿನ್ನದವರು ಇದನ್ನು ಕೇಳುವಾಗ ಸ್ಪಗೆಟ್ಟಿಯಲ್ಲಿ ಮಾಡಿಕೊಡಿ ಅನ್ನಿ, ಯಾಕೆಂದರೆ ಸಾಮಾನ್ಯವಾಗಿ ಬಳಸುವ ತೊನ್ನರೆಲ್ಲಿ ಪಾಸ್ತಾಗೆ ಮೊಟ್ಟೆ ಹಾಕಿರುತ್ತಾರೆ. ಒಣ ಸ್ಪಗೆಟ್ಟಿ, ಪೆನ್ನೆ, ರಿಗತೋನಿ ಗೋಧಿ ರವೆ ಮತ್ತು ನೀರಿನಿಂದ ಮಾಡಿದವು. ಮಾಂಸ ತಿನ್ನುವವರಿಗೂ ಒಂದು ಮಾತು. ಕಾರ್ಬೊನಾರಾಗೆ ಇಲ್ಲಿ ಮೊಟ್ಟೆ, ಚೀಸ್, ಗ್ವಾಂಚಾಲೆ, ಮೆಣಸು ಬಿಟ್ಟು ಬೇರೇನೂ ಹಾಕುವುದಿಲ್ಲ. ಕ್ರೀಮ್ ಹಾಕಿದ್ದಾರೆ ಅಂದರೆ ಆ ಅಡುಗೆಮನೆ ಪ್ರವಾಸಿಗರಿಗೆ ಮಾತ್ರ ಅಡುಗೆ ಮಾಡುತ್ತಿದೆ ಅಂತ ತಿಳಿಯಿರಿ.

ಖಾರ ಬೇಕು ಅನ್ನುವ ನಮ್ಮವರಿಗೆ ಪೆನ್ನೆ ಅರ್ರಾಬ್ಬಿಯಾತಾ ಇದೆ, ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಇನ್ನೂ ಸರಳ ಬೇಕಾದರೆ ಬೆಳ್ಳುಳ್ಳಿ, ಎಣ್ಣೆ, ಮೆಣಸಿನಕಾಯಿಯ ಸ್ಪಗೆಟ್ಟಿ, ಆಲ್ಯೊ ಓಲಿಯೊ. ಮೆನುವಿನಲ್ಲಿ ಇಲ್ಲದಿದ್ದರೂ ಕೇಳಿದರೆ ಸುಮಾರು ಕಡೆ ಮಾಡಿಕೊಡುತ್ತಾರೆ. ಪಿಜ್ಜಾದಲ್ಲಿ ಮರಿನಾರಾ ಅಂತ ಇದೆ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಮಾತ್ರ, ಚೀಸ್ ಕೂಡ ಇಲ್ಲ. ಜತೆಗೆ ಮೆನುವಿನಲ್ಲಿ ಕೊಂತೋರ್ನಿ ಎಂಬ ಭಾಗ ನೋಡಿ, ಅಲ್ಲಿ ಪಲ್ಯಗಳಿರುತ್ತವೆ. ಚಿಕೋರಿಯಾ ಎಂಬ ಕಹಿ ಸೊಪ್ಪನ್ನು ಬೇಯಿಸಿ ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿ ಬಾಡಿಸಿದ್ದು ನನಗೆ ಬಹಳ ಇಷ್ಟ. ಚಳಿಗಾಲದ ಕೊನೆಯಿಂದ ವಸಂತದವರೆಗೆ ಬಂದರೆ ಆರ್ಟಿಚೋಕ್ ಎಂಬ ಹೂಮೊಗ್ಗಿನಂಥ ತರಕಾರಿಯನ್ನು ಬಿಡಬೇಡಿ. ಪುದೀನ ಹಾಕಿ ಮೆತ್ತಗೆ ಬೇಯಿಸಿದ್ದು ಒಂದು ಥರ, ಇಡಿಯಾಗಿ ಎಣ್ಣೆಯಲ್ಲಿ ಗರಿಗರಿಯಾಗಿ ಕರಿದದ್ದು ಇನ್ನೊಂದು ಥರ. ಕರಿದದ್ದು ರೋಮ್‌ನ ಯಹೂದಿಗಳ ಅಡುಗೆ. ಅದನ್ನು ತಿನ್ನಲು ಪೋರ್ತಿಕೊ ದೊತ್ತಾವಿಯಾ ಎಂಬ ಹಳೆಯ ರೋಮನ್ ಕಂಬಗಳ ಕಟ್ಟಡದ ಸುತ್ತಲಿನ ಹಳೆಯ ಯಹೂದಿ ಕೇರಿಗೆ ಹೋಗಿ, ಕೊಲೋಸಿಯಂನಿಂದ ಅರ್ಧ ಗಂಟೆಯೊಳಗಿನ ನಡಿಗೆ. ಇನ್ನೊಂದು ಅನುಕೂಲ ಇದೆ. ಯಹೂದಿಗಳ ನಿಯಮದ ಪ್ರಕಾರ ಹಾಲಿನ ಅಡುಗೆ ಮತ್ತು ಮಾಂಸದ ಅಡುಗೆ ಒಂದೇ ಅಡುಗೆಮನೆಯಲ್ಲಿ ಸೇರುವಂತಿಲ್ಲ. ಹಾಗಾಗಿ ಹಾಲಿನ ಅಡುಗೆ ಮಾತ್ರ ಮಾಡುವ ಕೋಷರ್, ಅಂದರೆ ಆ ನಿಯಮ ಪಾಲಿಸುವ ಹೋಟೆಲುಗಳು ಅಲ್ಲಿವೆ. ಮೀನು ಇರುತ್ತದೆ, ಮಾಂಸ ಒಂದು ಚೂರೂ ಇರುವುದಿಲ್ಲ. ಒಂದೇ ಪಾತ್ರೆ, ಒಂದೇ ಸೌಟು ಅಂತ ಸಂಕಟಪಡುವ ಹಿರಿಯರನ್ನು ನಾನು ಅಲ್ಲಿಗೇ ಕರೆದುಕೊಂಡು ಹೋಗುವುದು.

ಎಲ್ಲಿ ಎಚ್ಚರ ಬೇಕು ಅಂದರೆ, ಕುಂಬಳದ ಹೂವಿನ ಬಜ್ಜಿಯೊಳಗೆ ಚೀಸ್ ಜತೆ ಸಣ್ಣ ಮೀನು ಇಟ್ಟಿರುತ್ತಾರೆ. ಪುಂತರೆಲ್ಲೆ ಎಂಬ ಹಸಿ ಸೊಪ್ಪಿನ ಸಲಾಡಿಗೂ ಅದೇ ಮೀನಿನ ಸಾಸ್. ಸುಪ್ಲಿ ಅನ್ನುವ ಅನ್ನದ ಬೋಂಡಾದ ಹಳೆಯ ಪದ್ಧತಿಯಲ್ಲಿ ಮಾಂಸದ ಸಾಸ್ ಇರುತ್ತದೆ. ಹುರುಳಿಕಾಯಿ, ಕಾಳಿನ ಸೂಪಿಗೂ ರುಚಿಗೆ ಅಂತ ಹಂದಿಯ ಕೊಬ್ಬು ಹಾಕುವುದುಂಟು. ಪನ್ನಾ ಕೊತ್ತಾ ಎಂಬ ಸಿಹಿಗೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್, ತಿರಮಿಸು ಎಂಬ ಇನ್ನೊಂದು ಸಿಹಿಗೆ ಹಸಿ ಮೊಟ್ಟೆ. ಬರೀ "ವೆಜಿಟೇರಿಯನ್" ಅಂದರೆ ಕೆಲವು ಮಾಣಿಗಳು ಮೀನು ನಡೆಯುತ್ತೆ ಅಂದುಕೊಳ್ಳುತ್ತಾರೆ. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ" ಅಂತ ಬಿಡಿಸಿ ಹೇಳಿ, ಅಂದರೆ ಮಾಂಸ ಬೇಡ, ಮೀನು ಬೇಡ ಅಂತ. ಮೊಟ್ಟೆ ಬೇಡವಾದರೆ "ಸೆಂತ್ಸಾ ವೋವಾ". ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸಿದರೂ ಆಯಿತು. ಅಲರ್ಜಿ ತರುವ 14 ಬಗೆಯ ಪದಾರ್ಥಗಳ ಮಾಹಿತಿ ಕೊಡುವುದು ಯುರೋಪಿನಲ್ಲಿ ಕಾನೂನು. ಮೊಟ್ಟೆ, ಮೀನು, ಹಾಲು ಆ ಪಟ್ಟಿಯಲ್ಲೇ ಇವೆ. ಅದನ್ನು ಕೇಳಿ ಪಡೆಯಿರಿ.

ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಪೆಕೊರಿನೊ ರೊಮಾನೊ, ಪಾರ್ಮಿಜಾನೊ ಎಂಬ ಎರಡೂ ಚೀಸ್‌ಗಳನ್ನು ಹಾಲು ಒಡೆಸಲು ಕುರಿಮರಿ, ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸಿ ಮಾಡುತ್ತಾರೆ. ಅವುಗಳ ನಿಯಮವೇ ಹಾಗಿದೆ. ಇದು ಗೊತ್ತಾದ ಮೇಲೆ ತಿನ್ನುವುದು ಬಿಡುವುದು ಅವರವರಿಗೆ ಸೇರಿದ್ದು. ನನ್ನ ನೆಂಟರಲ್ಲಿ ಕೆಲವರು ತಿನ್ನುತ್ತಾರೆ, ಕೆಲವರು ಬಿಟ್ಟು ಮರಿನಾರಾ, ಆಲ್ಯೊ ಓಲಿಯೊ, ಪಲ್ಯಗಳಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಆದರೆ ಹೇಳದೆ ತಿನ್ನಿಸುವುದು ತಪ್ಪು. ಪ್ರವಾಸಕ್ಕೆ ಕರೆದುಕೊಂಡು ಬರುವವರು "ಪ್ಯೂರ್ ವೆಜ್ ಪಾಸ್ತಾ" ಅಂತ ಹೇಳುವಾಗ ಇದನ್ನೂ ಹೇಳಬೇಕು ಅಲ್ವಾ?

ಪ್ಯಾಕೇಜ್ ಪ್ರವಾಸದವರಿಗೆ ನನ್ನ ಬೇಡಿಕೆ ಇನ್ನೊಂದಿದೆ. ರಾತ್ರಿ ಅನ್ನ ಸಾರು ಸಿಗುವ ಭಾರತೀಯ ಹೋಟೆಲಿಗೆ ಬಸ್ ನಿಲ್ಲಿಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ದಿನವಿಡೀ ನಡೆದ ಹಿರಿಯರಿಗೆ ಅದು ಬೇಕು. ಆದರೆ ಇಟಲಿಗೆ ಬಂದ ಜನರಿಗೆ ಒಂದು ಹೊತ್ತಾದರೂ ಇಲ್ಲಿಯ ಅಡುಗೆಯನ್ನು ಇಲ್ಲಿಯವರು ತಿನ್ನುವ ಜಾಗದಲ್ಲಿ ತಿನ್ನಲು ಬಿಡಿ. ಕೊಲೋಸಿಯಂ ಮುಂದೆ ಇಳಿಸಿ ಎರಡು ಗಂಟೆ ಕೊಟ್ಟರೆ ಜನ ಎದುರಿಗೆ ಕಂಡಲ್ಲೇ ಕೂರುತ್ತಾರೆ. ಅದರ ಬದಲು ಮೊಂತಿಯ ತನಕ ನಡೆಸಿಕೊಂಡು ಹೋಗಿ ಬಿಡಿ, ಅಷ್ಟು ಸಾಕು. ನಿಮ್ಮ ಪತ್ರಿಕೆಯೂ ಮುಂದೆ ಇಂಥ ಲೇಖನ ಹಾಕುವಾಗ ಸ್ಮಾರಕದ ಟಿಕೆಟ್ ದರದ ಜತೆ ಹತ್ತಿರದಲ್ಲಿ ಊಟ ಎಲ್ಲಿ, ಏನು ನೋಡಿ ಕೂರಬೇಕು ಅಂತ ನಾಲ್ಕು ಸಾಲು ಹಾಕಿದರೆ ಓದುಗರಿಗೆ ನಿಜವಾಗಿ ಉಪಕಾರವಾಗುತ್ತದೆ.

ಹೊತ್ತಿನ ವಿಷಯ ಹೇಳದಿದ್ದರೆ ಇಷ್ಟೆಲ್ಲ ಹೇಳಿಯೂ ಪ್ರಯೋಜನ ಇಲ್ಲ. ಇಲ್ಲಿ ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ, ಮೂರರ ತನಕ. ಆಮೇಲೆ ಅಡುಗೆಮನೆ ಮುಚ್ಚಿ ರಾತ್ರಿ ಏಳೂವರೆಗೆ ಮತ್ತೆ ತೆಗೆಯುತ್ತಾರೆ. ಸಂಜೆ ಐದಕ್ಕೆ ಬಿಸಿ ಊಟ ಕೊಡುವ ಹೋಟೆಲುಗಳಲ್ಲಿ ಹೆಚ್ಚಿನವು ಪ್ರವಾಸಿಗರಿಗಾಗಿಯೇ ಇರುವವು. ಹಾಗಾಗಿ ಕೊಲೋಸಿಯಂ ಟಿಕೆಟನ್ನು ಬೆಳಗಿನ ಹೊತ್ತಿಗೆ ತೆಗೆದುಕೊಳ್ಳಿ, ಒಂದು ಗಂಟೆಗೆ ಊಟಕ್ಕೆ ಹೊರಟರೆ ಸರಿಯಾಗುತ್ತದೆ. ನಡುವೆ ಹಸಿವಾದರೆ ಯಾವುದಾದರೂ ಬಾರ್‌ಗೆ ಹೋಗಿ. ಇಲ್ಲಿ ಬಾರ್ ಅಂದರೆ ಕಾಫಿ, ಬನ್ನು ಸಿಗುವ ಜಾಗ, ಹೆಂಗಸರು ಮಕ್ಕಳು ಎಲ್ಲರೂ ಹೋಗುತ್ತಾರೆ. ಕೌಂಟರಿನಲ್ಲಿ ನಿಂತು ಕುಡಿದರೆ ಎಸ್ಪ್ರೆಸೊ ಕಾಫಿಗೆ 1.20ರಿಂದ 1.50 ಯೂರೋ. ಅದೇ ಕಾಫಿಯನ್ನು ಸ್ಮಾರಕ ಕಾಣುವ ಮೇಜಿನಲ್ಲಿ ಕೂತು ಕುಡಿದರೆ ಮೂರು ನಾಲ್ಕು ಪಟ್ಟು. ಎರಡೂ ದರ ಗೋಡೆಯ ಮೇಲೆ ಹಾಕಿರುತ್ತಾರೆ. ಐಸ್‌ಕ್ರೀಮ್ ಕೊಳ್ಳುವಾಗ ಪಿಸ್ತಾದ ಬಣ್ಣ ನೋಡಿ. ಮಂಕು ಹಸಿರಿದ್ದರೆ ಒಳ್ಳೆಯದು, ಗಿಳಿ ಹಸಿರಿದ್ದರೆ ಬಣ್ಣ ಹಾಕಿದ್ದು. ಬೆಟ್ಟದ ಥರ ರಾಶಿ ಹಾಕಿ ಗಾಜಿನೊಳಗೆ ಇಟ್ಟ ಅಂಗಡಿಗಿಂತ ಮುಚ್ಚಳ ಹಾಕಿದ ಸ್ಟೀಲ್ ಡಬ್ಬಿಗಳಿಂದ ತೆಗೆದು ಕೊಡುವ ಅಂಗಡಿ ಹುಡುಕಿ.

ಆಗಸ್ಟ್ ಮಧ್ಯದಲ್ಲಿ ಬರುವವರು ಮಾತ್ರ ಮೊದಲೇ ವಿಚಾರಿಸಿ ಬನ್ನಿ. ಆಗಸ್ಟ್ 15 ಇಲ್ಲಿ ದೊಡ್ಡ ರಜೆ, ಅದರ ಆಸುಪಾಸಿನಲ್ಲಿ ನಾನು ಹೇಳಿದಂಥ ಸಣ್ಣ ಹೋಟೆಲುಗಳು ಬಾಗಿಲು ಹಾಕಿ ಊರಿಗೆ ಹೋಗುತ್ತವೆ. ಉಳಿದ ದಿನಗಳಲ್ಲಿ ಸೀಟು ಕಾದಿರಿಸದೇ ಬಂದರೂ ರಾತ್ರಿ ಏಳೂವರೆಗೆ ಸರಿಯಾಗಿ, ಬಾಗಿಲು ತೆಗೆಯುವ ಹೊತ್ತಿಗೆ ನಿಂತುಕೊಳ್ಳಿ. ಇಲ್ಲಿಯವರು ಊಟಕ್ಕೆ ಬರುವುದು ಎಂಟೂವರೆ, ಒಂಬತ್ತಕ್ಕೆ. ಅಷ್ಟರೊಳಗೆ ಎದ್ದುಬಿಡುತ್ತೇವೆ ಅಂದರೆ ಒಂದು ಮೇಜು ಕೊಡುತ್ತಾರೆ.

ಇಂತಿ,
ರೋಮ್‌ನಿಂದ ನಿಮ್ಮ ಓದುಗ